ತಂಡದವನಾಗಲು ಎಷ್ಟು ಕಾಲ ಬೇಕು?

(ಕ್ರೀಡಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2018ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಪುರುಷರ ಐಸ್ ಹಾಕಿ ತಂಡ ಒಲಿಂಪಿಕ್ಸ್‌ನಲ್ಲಿ ತನ್ನ ಮೊಟ್ಟಮೊದಲ ಪಂದ್ಯ ಆಡಿತು. ಎದುರಾಳಿ ಜೆಕ್ ಗಣರಾಜ್ಯ, 1998ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ದೇಶ. ಪಂದ್ಯ ಶುರುವಾಗಿ ಎಂಟು ನಿಮಿಷ ತುಂಬುವ ಮೊದಲೇ ಕೊರಿಯಾ ಗೋಲು ಹೊಡೆದುಬಿಟ್ಟಿತು. ಹೊಡೆದವರು ಕೊರಿಯಾದಲ್ಲೇ ಹುಟ್ಟಿ ಅಲ್ಲೇ ಆಟ ಕಲಿತ ಚೊ ಮಿನ್-ಹೊ. ಅವರಿಗೆ ಪಾಸ್ ಕೊಟ್ಟವರು ಬ್ರಾಕ್ ರಡನ್‌ಸ್ಕಿ, ಕೆನಡಾದ ಒಂಟಾರಿಯೊದವರು. ಆಚೆ ತುದಿಯಲ್ಲಿ ಗೋಲು ಕಾಯುತ್ತಿದ್ದ ಮ್ಯಾಟ್ ಡಾಲ್ಟನ್ ಕೂಡ ಒಂಟಾರಿಯೊದವರೇ. ಕೊನೆಗೆ ಕೊರಿಯಾ 1-2ರಿಂದ ಸೋತಿತು. ಆದರೆ ಆ ಸೋಲಿನಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.

ಆ ತಂಡದ 25 ಆಟಗಾರರಲ್ಲಿ 7 ಮಂದಿ ಹೊರಗಿನಿಂದ ಬಂದು ಕೊರಿಯಾದ ಪೌರತ್ವ ಪಡೆದವರು. ಆರು ಜನ ಕೆನಡಾದವರು, ಒಬ್ಬರು ಅಮೆರಿಕದವರು. ಏಳರಲ್ಲಿ ಯಾರಿಗೂ ಕೊರಿಯಾದ ರಕ್ತಸಂಬಂಧವಿಲ್ಲ. ಇದನ್ನು ಕೇಳಿದ ತಕ್ಷಣ ನಮ್ಮಲ್ಲಿ ಅನೇಕರ ಬಾಯಲ್ಲಿ ಬರುವ ಮಾತು ‘ಬಾಡಿಗೆ ಆಟಗಾರರು’. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಮಾತಿನ ಬಗ್ಗೆಯೇ. ಯಾರಿಗೆ ಅದು ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ?

ರಡನ್‌ಸ್ಕಿ ಅವರನ್ನೇ ತೆಗೆದುಕೊಳ್ಳಿ. ಅವರು ಅನ್ಯಾಂಗ್ ಹಲ್ಲಾ ಎಂಬ ಕೊರಿಯಾದ ಕ್ಲಬ್‌ಗೆ ಸೇರಿದ್ದು 2008ರಲ್ಲಿ. ಆಗ ಆ ದೇಶಕ್ಕೆ ಚಳಿಗಾಲದ ಒಲಿಂಪಿಕ್ಸ್ ಸಿಕ್ಕೇ ಇರಲಿಲ್ಲ, ಸಿಕ್ಕಿದ್ದು 2011ರಲ್ಲಿ. ವಿಶೇಷ ಪ್ರತಿಭೆಯುಳ್ಳ ವಿದೇಶಿಯರು ತಮ್ಮ ಹಳೆಯ ಪೌರತ್ವವನ್ನು ಬಿಡದೆಯೇ ಕೊರಿಯಾದವರಾಗಬಹುದು ಎಂಬ ಕಾನೂನು ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ವರ್ಷ. ರಡನ್‌ಸ್ಕಿ ಅವರಿಗೆ ಪೌರತ್ವ ಸಿಕ್ಕಿದ್ದು 2013ರಲ್ಲಿ. ಅಂದರೆ ದೇಶ ಅವರನ್ನು ಕರೆಯುವ ಹೊತ್ತಿಗೆ ಅವರು ಅಲ್ಲಿ ಐದು ಋತು ಆಡಿದ್ದರು, ಅಲ್ಲಿನ ಹುಡುಗರ ಜೊತೆ ಬಸ್ಸಿನಲ್ಲಿ ಓಡಾಡಿದ್ದರು. ಅವರು ಯಾರಿಗೆ ಎಲ್ಲಿ ಪಾಸ್ ಕೊಡುತ್ತಾರೆ ಎಂಬುದು ಚೊ ಮಿನ್-ಹೊಗೆ ಗೊತ್ತಿತ್ತು. ಇಬ್ಬರೂ ಒಂದೇ ಕ್ಲಬ್ಬಿನವರು. ಆ ಒಲಿಂಪಿಕ್ ಗೋಲಿನ ಹಿಂದೆ ಅಷ್ಟೂ ವರ್ಷಗಳ ಅಭ್ಯಾಸವಿದೆ. ಅದನ್ನು ಬಾಡಿಗೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಚೊ ಮಿನ್-ಹೊ 2022ರಲ್ಲಿ, ಇನ್ನೂ ಮೂವತ್ತೈದರ ಪ್ರಾಯದಲ್ಲೇ ಕ್ಯಾನ್ಸರಿನಿಂದ ತೀರಿಕೊಂಡರು. ಈ ಆಟದ ಚರಿತ್ರೆ ಹೇಳುವಾಗ ಅವರ ಹೆಸರು ಹೇಳದೆ ಮುಂದೆ ಹೋಗಬಾರದು ಅನ್ನಿಸಿತು.

ಈಗ ಅದೇ ಒಲಿಂಪಿಕ್ಸ್‌ನ ಮಹಿಳೆಯರ ತಂಡದತ್ತ ಬನ್ನಿ. ಅಲ್ಲಿ ನಡೆದದ್ದು ಇನ್ನೂ ವಿಚಿತ್ರ. ಕೂಟ ಶುರುವಾಗಲು ಎರಡು ವಾರ ಇರುವಾಗ ಉತ್ತರ ಕೊರಿಯಾದ 12 ಆಟಗಾರ್ತಿಯರು ಗಡಿ ದಾಟಿ ಬಂದು ದಕ್ಷಿಣದ 23 ಮಂದಿಯನ್ನು ಸೇರಿಕೊಂಡರು. 35 ಜನರ ಜಂಟಿ ಕೊರಿಯಾ ತಂಡವಾಯಿತು. ಪ್ರತಿ ಪಂದ್ಯದಲ್ಲೂ ಉತ್ತರದ ಕನಿಷ್ಠ ಮೂವರನ್ನು ಆಡಿಸಬೇಕೆಂದು ಒಪ್ಪಂದ. ಪಂದ್ಯಕ್ಕೆ ಸಜ್ಜಾಗುವವರು 22 ಮಂದಿ ಮಾತ್ರ. ಹಾಗಾಗಿ ವರ್ಷಗಟ್ಟಲೆ ಬೆವರು ಸುರಿಸಿದ ದಕ್ಷಿಣದ ಕೆಲವು ಹುಡುಗಿಯರು ಪ್ರತಿ ಸಲವೂ ಹೊರಗೆ ಕೂರಲೇಬೇಕಾಯಿತು. ದಕ್ಷಿಣ ಕೊರಿಯಾದ ಯುವಜನರು ಇದನ್ನು ಜೋರಾಗಿಯೇ ವಿರೋಧಿಸಿದರು. ಗಮನಿಸಿ, ಅವರು ವಿರೋಧಿಸಿದ್ದು ತಮ್ಮದೇ ರಕ್ತದ, ತಮ್ಮದೇ ಮಾತಿನ ಜನರನ್ನು ಏಕಾಏಕಿ ಸೇರಿಸಿದ್ದನ್ನು.

ಇನ್ನೊಂದು ಕಡೆ, ಆ ಜಂಟಿ ತಂಡದ ಮೊದಲ ಗೋಲು ಹೊಡೆದವರು ರ್‍ಯಾಂಡಿ ಹೀಸೂ ಗ್ರಿಫಿನ್. ಅಮೆರಿಕದಲ್ಲಿ ಹುಟ್ಟಿದವರು, ತಾಯಿ ಕೊರಿಯಾದವರು. ಜಪಾನ್ ವಿರುದ್ಧ ಹೊಡೆದ ಆ ಗೋಲಿನ ಪಕ್ಕನ್ನು, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು, ಹಾಕಿ ಹಾಲ್ ಆಫ್ ಫೇಮ್‌ಗೆ ಕಳಿಸಿದರು. ಪಂದ್ಯವನ್ನು 1-4ರಿಂದ ಸೋತಿದ್ದರು, ಆದರೂ. ಅದೇ ತಂಡದಲ್ಲಿ ಪಾರ್ಕ್ ಯೂನ್-ಜಂಗ್ ಇದ್ದರು. ಕೊರಿಯಾದಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದತ್ತು ಹೋಗಿ, ಅಮೆರಿಕದ ಮಿನೆಸೊಟಾದಲ್ಲಿ ಮರಿಸ್ಸಾ ಬ್ರ್ಯಾಂಟ್ ಆಗಿ ಬೆಳೆದವರು. ಅವರ ತಂಗಿ ಹ್ಯಾನಾ ಬ್ರ್ಯಾಂಟ್ ಅದೇ ಕೂಟದಲ್ಲಿ ಅಮೆರಿಕದ ಪರ ಆಡಿ ಚಿನ್ನ ಗೆದ್ದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ದೇಶಗಳ ಅಂಗಿ ತೊಟ್ಟರು. ಮರಿಸ್ಸಾ ಅವರಿಗೆ ಹುಟ್ಟಿದ ನಾಡಿನ ಪೌರತ್ವ ಮರಳಿ ಸಿಕ್ಕಿದ್ದು ಹಾಕಿಯ ಕಾರಣಕ್ಕೆ. ಇಂಥವರನ್ನು ವಿದೇಶಿ ಆಟಗಾರ್ತಿ ಎಂದು ಪಟ್ಟಿ ಮಾಡುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ.

ಹಾಗಾಗಿ ನನ್ನ ವಾದ ಇಷ್ಟು. ರಕ್ತ ಒಂದೇ ಎಂಬುದು ತಂಡ ಕಟ್ಟುವುದಿಲ್ಲ. ಪಾಸ್‌ಪೋರ್ಟೂ ಕಟ್ಟುವುದಿಲ್ಲ. ಜೊತೆಯಲ್ಲಿ ಕಳೆದ ಕಾಲ ಕಟ್ಟುತ್ತದೆ. ರಾಷ್ಟ್ರೀಯ ತಂಡಕ್ಕೆ ಯಾರು ಸೇರಬೇಕು ಎಂಬುದನ್ನು ಆ ಕಾಲದ ಮೇಲೆಯೇ ಅಳೆಯಬೇಕು.

ಐಸ್ ಹಾಕಿಯಲ್ಲೇ ಈ ಪ್ರಶ್ನೆ ಇಷ್ಟೊಂದು ಏಳುವುದೇಕೆ ಎಂದು ಕೇಳಬಹುದು. ಆಟದ ರಚನೆಯಲ್ಲೇ ಉತ್ತರವಿದೆ. ಒಂದು ತಂಡದಿಂದ ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಗಳಕ್ಕೆ, ಇಳಿಯುವವರು ಆರು ಜನ. ಅವರಲ್ಲಿ ಐವರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾರೆ, ಆ ವೇಗಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಲ್ಲುವುದಿಲ್ಲ. ಗೋಲಿ, ಅಂದರೆ ಗೋಲು ಕಾಯುವವನು ಮಾತ್ರ ಅರವತ್ತೂ ನಿಮಿಷ ನಿಲ್ಲುತ್ತಾನೆ. ಹದಿನೈದು ಹೊಡೆತ ಎದುರಿಸುವವನೂ ಅವನೇ, ನಲವತ್ತು ಹೊಡೆತ ಎದುರಿಸುವವನೂ ಅವನೇ. ಒಬ್ಬ ಒಳ್ಳೆಯ ಗೋಲಿ ಸಿಕ್ಕರೆ ಸಾಧಾರಣ ತಂಡವೂ ಬಲಿಷ್ಠರ ಎದುರು ಕೊನೆಯ ನಿಮಿಷದವರೆಗೆ ಉಸಿರಾಡಬಹುದು. ಪೌರತ್ವದ ಚರಿತ್ರೆಯನ್ನು ತೆರೆದು ನೋಡಿದರೆ ಬಹುತೇಕ ಎಲ್ಲ ಕಡೆಯೂ ಗೋಲಿಗಳೇ ಕಾಣುತ್ತಾರೆ. ಕೊರಿಯಾಕ್ಕೆ ಡಾಲ್ಟನ್, ಬೆಲರೂಸ್‌ಗೆ ಕೆವಿನ್ ಲಾಲಾಂಡ್, 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಕೆನಡಾದಲ್ಲಿ ಬೆಳೆದ ಡಸ್ಟಿ ಇಮೂ, ಚೀನಾಕ್ಕೆ ಜೆರೆಮಿ ಸ್ಮಿತ್. ಜೊತೆಗೆ ಕೆನಡಾ ಎಂಬ ದೇಶ ತನಗೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಆಟಗಾರರನ್ನು ತಯಾರಿಸುತ್ತದೆ. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿರುವುದು 32 ತಂಡ. ಅಲ್ಲಿ ಜಾಗ ಸಿಗದವರು ಯುರೋಪಿಗೆ, ಏಷ್ಯಾಕ್ಕೆ ಹೊಟ್ಟೆಪಾಡಿಗೆ ಹೋಗುತ್ತಾರೆ. ಹೋದಲ್ಲಿ ಕೆಲವರು ಬೇರು ಬಿಡುತ್ತಾರೆ.

ಇದು ಹೊಸ ಸಂಗತಿ ಎಂದು ಭಾವಿಸಬೇಡಿ. 1936ರಲ್ಲಿ ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಕನ್‌ನಲ್ಲಿ ನಡೆದ ಒಲಿಂಪಿಕ್ಸ್‌ಗೆ ಬರುವವರೆಗೆ ಕೆನಡಾ ಐಸ್ ಹಾಕಿಯಲ್ಲಿ ಸತತ ನಾಲ್ಕು ಚಿನ್ನ ಗೆದ್ದಿತ್ತು. ಆ ಸಲ ಅದನ್ನು ಸೋಲಿಸಿದ್ದು ಬ್ರಿಟನ್. ಬ್ರಿಟನ್ ತಂಡದ ಬಹುಪಾಲು ಆಟಗಾರರು ಬ್ರಿಟನ್ನಿನಲ್ಲಿ ಹುಟ್ಟಿ, ಎಳೆಯದರಲ್ಲೇ ಕೆನಡಾಕ್ಕೆ ವಲಸೆ ಹೋಗಿ, ಅಲ್ಲಿ ಆಟ ಕಲಿತವರು. ಗೋಲಿ ಜಿಮ್ಮಿ ಫಾಸ್ಟರ್ ಗ್ಲಾಸ್ಗೋದಲ್ಲಿ ಹುಟ್ಟಿ ವಿನಿಪೆಗ್‌ನಲ್ಲಿ ಬೆಳೆದವರು. ಕೆನಡಾ ವಿರುದ್ಧ 2-1ರ ಗೆಲುವಿನ ಗೋಲು ಹೊಡೆದ ಎಡ್ಗರ್ ಬ್ರೆಂಚ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಹುಟ್ಟಿ ಒಂಟಾರಿಯೊದ ನಯಾಗರಾ ಫಾಲ್ಸ್‌ನಲ್ಲಿ ಬೆಳೆದವರು. ಫಾಸ್ಟರ್ ಮತ್ತು ಅಲೆಕ್ಸ್ ಆರ್ಚರ್ ಇಬ್ಬರೂ ತಮ್ಮ ಸಂಘದ ಅನುಮತಿಯಿಲ್ಲದೆ ಇಂಗ್ಲೆಂಡಿಗೆ ಹೋಗಿ ಆಡುತ್ತಿದ್ದಾರೆ ಎಂದು ಕೆನಡಾ ತಕರಾರು ತೆಗೆದಿತ್ತು. ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಕೂಟ ನಡೆಯುವಷ್ಟು ಕಾಲ ತನ್ನ ಆಕ್ಷೇಪವನ್ನು ಕೈಬಿಟ್ಟಿತು. ಫಾಸ್ಟರ್ ಆ ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 3 ಗೋಲು. ನಾಲ್ಕು ಪಂದ್ಯಗಳಲ್ಲಿ ಒಂದನ್ನೂ ಬಿಡಲಿಲ್ಲ.

ಈ ಫಾಸ್ಟರ್ ಯಾರವರು? ಹುಟ್ಟಿದ ಊರಿನ ಲೆಕ್ಕದಲ್ಲಿ ಬ್ರಿಟನ್ನಿನವರು. ಆಟ ಕಲಿಸಿದ ಊರಿನ ಲೆಕ್ಕದಲ್ಲಿ ಕೆನಡಾದವರು. ಆಗಿನ ಕಾನೂನಿನ ಲೆಕ್ಕದಲ್ಲಿ ಕೆನಡಾದವರೂ ಬ್ರಿಟಿಷ್ ಪ್ರಜೆಗಳೇ, ಪ್ರತ್ಯೇಕ ಕೆನಡಾ ಪೌರತ್ವ ಬಂದದ್ದು 1947ರಲ್ಲಿ. ಹಾಗಾಗಿ ಆ ಚಿನ್ನವನ್ನು ಕದ್ದದ್ದು ಎನ್ನುವವರ ಜೊತೆ ನಾನಿಲ್ಲ. ಆದರೆ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಬ್ರಿಟನ್ನಿನ ಪುರುಷರ ತಂಡ 1948ರ ನಂತರ ಒಲಿಂಪಿಕ್ಸ್ ಐಸ್ ಹಾಕಿಯಲ್ಲಿ ಆಡಿಯೇ ಇಲ್ಲ. 1930ರ ದಶಕದಲ್ಲಿ ಲಂಡನ್ನಿನ ಲೀಗಿಗೆ ಜನ ಮುಗಿಬೀಳುತ್ತಿದ್ದರು, ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಅಲ್ಲಿ ಆಡುತ್ತಿದ್ದ ಮುಖ್ಯ ಆಟಗಾರರೆಲ್ಲ ಕೆನಡಾದಿಂದ ಬಂದವರು. ಅವರು ಬರುವುದು ನಿಂತ ಮೇಲೆ ಆ ಮಟ್ಟದಲ್ಲಿ ಆಡಬಲ್ಲ ಸ್ಥಳೀಯ ಹುಡುಗರ ಸಾಲು ಸಿದ್ಧವಿರಲಿಲ್ಲ.

1982ರ ಇಟಲಿಯ ಕಥೆಯೂ ಸ್ವಾರಸ್ಯದ್ದೇ. ಆ ವರ್ಷ ಫಿನ್ಲೆಂಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಟಲಿ ಅಮೆರಿಕವನ್ನು 7-5ರಿಂದ ಸೋಲಿಸಿತು, ವೇಯ್ನ್ ಗ್ರೆಟ್ಸ್‌ಕಿ ಇದ್ದ ಕೆನಡಾದ ಜೊತೆ 3-3 ಸಮ ಮಾಡಿಕೊಂಡಿತು. ಅಮೆರಿಕ ಕೆಳಗಿನ ಗುಂಪಿಗೆ ಇಳಿಯಿತು. ಇಟಲಿಯ ತಂಡದ ತುಂಬ ಕೆನಡಾದಲ್ಲಿ ಹುಟ್ಟಿದ ಇಟಾಲಿಯನ್ ಮಕ್ಕಳು. ಗೋಲಿ ಜಿಮ್ ಕೋರ್ಸಿ ಮಾಂಟ್ರಿಯಲ್‌ನವರು. ಇವತ್ತು ಐಸ್ ಹಾಕಿಯ ಅಂಕಿಅಂಶ ಓದುವವರೆಲ್ಲ ಬಳಸುವ ‘ಕೋರ್ಸಿ’ ಎಂಬ ಅಳತೆಗೆ ಅವರದೇ ಹೆಸರು.

ಜರ್ಮನಿಯಲ್ಲಿ ಇದಕ್ಕಿಂತ ನಿಧಾನವಾಗಿ, ಇದಕ್ಕಿಂತ ಗಟ್ಟಿಯಾಗಿ ಕೆಲಸ ನಡೆಯಿತು. ಹೆರಾಲ್ಡ್ ಕ್ರೈಸ್ ಅವರ ಬಾಳನ್ನು ನೋಡಿದರೆ ಅದು ತಿಳಿಯುತ್ತದೆ. ಅವರು ವಿನಿಪೆಗ್‌ನಲ್ಲಿ ಜರ್ಮನ್ ಮೂಲದ ಕುಟುಂಬದಲ್ಲಿ ಹುಟ್ಟಿದವರು. 1978ರಲ್ಲಿ ಮಾನ್‌ಹೈಮ್‌ಗೆ ಆಡಲು ಬಂದರು. ಸುಮಾರು ಎರಡು ದಶಕ ಅದೇ ಕ್ಲಬ್ಬಿನಲ್ಲಿ ಆಡಿದರು, ಜರ್ಮನಿಯ ಪರ 180 ಪಂದ್ಯ ಆಡಿದರು, ಆಮೇಲೆ ತರಬೇತುದಾರರಾದರು. 2023ರಲ್ಲಿ ಅವರ ತರಬೇತಿಯ ಜರ್ಮನಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಿತು. 1953ರ ನಂತರ ಆ ಕೂಟದಲ್ಲಿ ಜರ್ಮನಿಗೆ ಸಿಕ್ಕ ಮೊದಲ ಪದಕ ಅದು. ಹೊರಗಿನಿಂದ ಬಂದ ಆಟಗಾರನಿಂದ ಒಂದು ದೇಶ ಏನನ್ನು ಬಯಸಬಹುದು ಎಂದು ಯಾರಾದರೂ ಕೇಳಿದರೆ ನಾನು ಕ್ರೈಸ್ ಅವರತ್ತ ಬೆರಳು ತೋರಿಸುತ್ತೇನೆ.

ಇನ್ನು ನಿಯಮದ ಮಾತು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ, ಅಂದರೆ ಐಐಎಚ್‌ಎಫ್, ಪೌರತ್ವ ಸಿಕ್ಕ ಮಾತ್ರಕ್ಕೆ ಆಡಲು ಬಿಡುವುದಿಲ್ಲ. ಹೊಸ ದೇಶದ ಕ್ಲಬ್ ಪಂದ್ಯಾವಳಿಯಲ್ಲಿ ಸತತ ಎರಡು ವರ್ಷ ಆಡಿರಬೇಕು. ಈ ಮೊದಲು ಬೇರೆ ದೇಶದ ಪರ ಐಐಎಚ್‌ಎಫ್ ಕೂಟದಲ್ಲಿ ಆಡಿದ್ದರೆ ನಾಲ್ಕು ವರ್ಷ ಬೇಕು. ಅದೂ ಜೀವನದಲ್ಲಿ ಒಂದೇ ಸಲ. ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ಅದು ಅಜ್ಜ ಯಾರೆಂದು ಕೇಳುವುದಿಲ್ಲ, ಎಲ್ಲಿ ಆಡಿದೆ ಎಂದು ಕೇಳುತ್ತದೆ.

ಹಾಗೆಂದು ಬದುಕು ಯಾವಾಗಲೂ ನಿಯಮದ ಅಳತೆಗೆ ಸಿಗುವುದಿಲ್ಲ. ಪೀಟರ್ ಸ್ಟಾಸ್ಟ್ನಿ ಚೆಕೊಸ್ಲೊವಾಕಿಯಾದ ಪರ ವಿಶ್ವ ಚಾಂಪಿಯನ್ ಆದವರು. 1980ರಲ್ಲಿ ತಮ್ಮನ ಜೊತೆ ಕಮ್ಯುನಿಸ್ಟ್ ಆಡಳಿತದಿಂದ ತಪ್ಪಿಸಿಕೊಂಡು ಕೆನಡಾದ ಕ್ವಿಬೆಕ್‌ಗೆ ಹೋದರು. 1984ರ ಕೆನಡಾ ಕಪ್‌ನಲ್ಲಿ ಕೆನಡಾದ ಪರ ಆಡಿದರು. 1994ರ ಲಿಲ್ಲೆಹಾಮರ್ ಒಲಿಂಪಿಕ್ಸ್‌ನಲ್ಲಿ, ಆಗಷ್ಟೇ ಹುಟ್ಟಿದ ಸ್ಲೊವಾಕಿಯಾದ ಧ್ವಜ ಹಿಡಿದು ನಡೆದರು. ಅದೇ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಬೆಳ್ಳಿ ಗೆದ್ದವರಲ್ಲಿ ಪೀಟರ್ ನೆಡ್ವೆಡ್ ಒಬ್ಬರು. ಅವರು 1989ರ ಜನವರಿಯಲ್ಲಿ, ಹದಿನೇಳರ ಹುಡುಗ, ಕ್ಯಾಲ್ಗರಿಗೆ ಪಂದ್ಯಾವಳಿಗೆಂದು ಬಂದವರು ಚೆಕೊಸ್ಲೊವಾಕಿಯಾಕ್ಕೆ ಮರಳದೆ ಉಳಿದುಬಿಟ್ಟವರು. ಮುಂದೆ 2014ರ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಪರ ಆಡಿದರು. ಇವರಿಬ್ಬರೂ ದೇಶ ಬದಲಿಸಿದ್ದು ಪದಕದ ಆಸೆಗಲ್ಲ. ಒಂದು ಆಡಳಿತ ಬಿದ್ದುಹೋಯಿತು, ನಕ್ಷೆಯೇ ಬದಲಾಯಿತು.

ಈಗ ಚೀನಾಕ್ಕೆ ಬರುತ್ತೇನೆ. ಇಲ್ಲಿ ನನಗೆ ತಕರಾರಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಆತಿಥೇಯ ದೇಶವಾಗಿ ಚೀನಾಕ್ಕೆ ಪುರುಷರ ವಿಭಾಗದಲ್ಲಿ ನೇರ ಪ್ರವೇಶ ಸಿಕ್ಕಿತ್ತು. ವಿಶ್ವ ಶ್ರೇಯಾಂಕ 32. ಕೆನಡಾ, ಅಮೆರಿಕ ಇದ್ದ ಗುಂಪಿನಲ್ಲಿ ಹೀನಾಯ ಸೋಲಾದೀತು ಎಂಬ ಆತಂಕ ಐಐಎಚ್‌ಎಫ್‌ಗೇ ಇತ್ತು, 2021ರಲ್ಲಿ ಅದನ್ನು ಬಹಿರಂಗವಾಗಿ ಚರ್ಚಿಸಿದರು. ಚೀನಾ ಕಂಡುಕೊಂಡಿದ್ದ ದಾರಿ ಕುನ್‌ಲುನ್ ರೆಡ್ ಸ್ಟಾರ್. ಇದು ರಷ್ಯಾ ಕೇಂದ್ರಿತ ಕೆಎಚ್‌ಎಲ್ ಲೀಗ್‌ನಲ್ಲಿ ಆಡಲೆಂದು 2016ರಲ್ಲಿ ಕಟ್ಟಿದ ಬೀಜಿಂಗ್ ಕ್ಲಬ್. ಉತ್ತರ ಅಮೆರಿಕದ ಆಟಗಾರರನ್ನು ಅದಕ್ಕೆ ತಂದರು. ಒಲಿಂಪಿಕ್ ತಂಡದ ಅರ್ಧಕ್ಕಿಂತ ಹೆಚ್ಚು ಜನ ಅವರೇ. ನಾಯಕ ಬ್ರ್ಯಾಂಡನ್ ಯಿಪ್ ಅವರಂತೆ ಹಲವರು ಚೀನೀ ಮೂಲದ ಕೆನಡಿಯನ್ನರು. ಗೋಲಿ ಜೆರೆಮಿ ಸ್ಮಿತ್, ಡಿಫೆನ್ಸ್ ಆಟಗಾರ ಜೇಕ್ ಚೆಲಿಯೊಸ್ ಅವರಿಗೆ ಆ ನಂಟೂ ಇರಲಿಲ್ಲ.

ಕೋವಿಡ್‌ಗಿಂತ ಮೊದಲೇ ಯೋಜನೆ ಶುರುವಾಗಿತ್ತು ನಿಜ. ಆದರೆ ಕೋವಿಡ್ ಬಂದ ಮೇಲೆ ಕ್ಲಬ್ ತನ್ನ ತವರು ಪಂದ್ಯಗಳನ್ನೂ ಮಾಸ್ಕೊ ಪಕ್ಕದ ಮಿತಿಶ್ಚಿಯಲ್ಲಿ ಆಡತೊಡಗಿತು. ಚೀನಾದ ತಂಡಕ್ಕೆ ಅರ್ಹತೆ ತಂದುಕೊಡುವ ವರ್ಷಗಳು ರಷ್ಯಾದ ರಿಂಕ್‌ನಲ್ಲಿ ಕಳೆದವು. ಆಟಗಾರರ ತಪ್ಪಲ್ಲ ಅದು, ಗಡಿಗಳೇ ಮುಚ್ಚಿದ್ದವು. ಆದರೂ ಎರಡು ವರ್ಷದ ನಿಯಮದ ಆಶಯವೇನು? ಆ ಊರಿನ ಜನ ನಿಮ್ಮ ಆಟ ನೋಡಿರಬೇಕು, ಆ ಊರಿನ ಮಕ್ಕಳು ನಿಮ್ಮ ಜೊತೆ ಅಭ್ಯಾಸ ಮಾಡಿರಬೇಕು. ಅದು ಇಲ್ಲಿ ಕಾಗದದಲ್ಲಿ ಉಳಿಯಿತು. ಇದಕ್ಕಿಂತ ದೊಡ್ಡ ಪ್ರಶ್ನೆ ಪೌರತ್ವದ್ದು. ಚೀನಾದ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಏನಾಯಿತು ಎಂದು ಪತ್ರಕರ್ತರು ಮತ್ತೆ ಮತ್ತೆ ಕೇಳಿದರು, ಅಧಿಕಾರಿಗಳಿಂದ ಸ್ಪಷ್ಟ ಉತ್ತರ ಬರಲಿಲ್ಲ. ತನ್ನ ಸಾಮಾನ್ಯ ಪ್ರಜೆಗೆ ಒಂದು ಕಾನೂನು, ಎರಡು ವಾರದ ಕೂಟಕ್ಕೆ ಬೇಕಾದವರಿಗೆ ಇನ್ನೊಂದು ಎಂಬ ಸಂಶಯಕ್ಕೆ ಸರ್ಕಾರ ಎಡೆ ಕೊಡಬಾರದು.

ಫಲಿತಾಂಶ? ಅಮೆರಿಕದೆದುರು 0-8, ಜರ್ಮನಿಯೆದುರು 2-3, ಕೆನಡಾದೆದುರು 0-5 ಮತ್ತು 2-7. ಮಹಿಳೆಯರ ತಂಡದಲ್ಲೂ ಕೆನಡಾ, ಅಮೆರಿಕದಲ್ಲಿ ಬೆಳೆದವರಿದ್ದರು. ಅವರು ಡೆನ್ಮಾರ್ಕ್ ಮತ್ತು ಜಪಾನ್ ತಂಡಗಳನ್ನು ಸೋಲಿಸಿದರು, ಚೆನ್ನಾಗಿಯೇ ಆಡಿದರು. ಅಂಕಗಳಿಂದ ನಾನು ಈ ವಿಷಯವನ್ನು ತೀರ್ಮಾನಿಸುವುದಿಲ್ಲ. ಕೊರಿಯಾ ಕೂಡ 2018ರಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ.

ಕೊರಿಯಾವನ್ನು ಹೊಗಳಿ ಅಲ್ಲಿಗೇ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. 1982ರಲ್ಲಿ ಜಪಾನ್ ಎದುರು 0-25ರಿಂದ ಸೋತಿದ್ದ ದೇಶ ಅದು. ಸೋಲ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದು, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದಲ್ಲಿ 1991 ಮತ್ತು 1992ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಜಿಮ್ ಪೇಕ್ 2014ರಲ್ಲಿ ತರಬೇತುದಾರರಾಗಿ ಬಂದರು. 2016ರಲ್ಲಿ ಜಪಾನನ್ನು 3-0ರಿಂದ ಸೋಲಿಸಿದರು. 2017ರಲ್ಲಿ ಕೀವ್‌ನಲ್ಲಿ ಉಕ್ರೇನ್ ಎದುರು ಶೂಟೌಟ್‌ನಲ್ಲಿ ಗೆದ್ದು ಮೊದಲ ಬಾರಿಗೆ ವಿಶ್ವದ ಅಗ್ರ ವಿಭಾಗ ಮುಟ್ಟಿದರು. ಮರುವರ್ಷ ಅಲ್ಲಿ ಏಳಕ್ಕೆ ಏಳೂ ಸೋತು ಕೆಳಗಿಳಿದರು. 2021ರಲ್ಲಿ ದೇಶದ ಪ್ರಮುಖ ಕ್ಲಬ್‌ಗಳಲ್ಲಿ ಒಂದಾದ ಡೆಮ್ಯುಂಗ್ ಮುಚ್ಚಿತು. 2024ರಲ್ಲಿ ರಾಷ್ಟ್ರೀಯ ತಂಡ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಬಂದ ಆಟಗಾರರು ಮಾತು ಉಳಿಸಿಕೊಂಡರು. ಡಾಲ್ಟನ್ ಒಲಿಂಪಿಕ್ಸ್ ಮುಗಿದ ಮೇಲೂ ವರ್ಷಗಟ್ಟಲೆ ಅನ್ಯಾಂಗ್‌ನಲ್ಲೇ ಆಡಿದರು. ಆದರೆ ಕೂಟ ಮುಗಿದ ಮೇಲೆ ಕ್ಲಬ್ ನಡೆಸುವವರ ಕೈ ಬಿಗಿಯಾಯಿತು. ಹೊರಗಿನವರು ಹತ್ತು ವರ್ಷ ಸಮಯ ಕೊಂಡುಕೊಡಬಲ್ಲರು. ಆ ಹತ್ತು ವರ್ಷದಲ್ಲಿ ಶಾಲೆಗಳಲ್ಲಿ ಆಟ ಬೆಳೆಸುವ ಕೆಲಸ ಅವರದಲ್ಲ, ಕರೆದವರದು.

ಪ್ರತಿ ಪೌರತ್ವದ ಹಿಂದೆಯೂ ಜಾಗ ಕಳೆದುಕೊಂಡ ಒಬ್ಬ ಸ್ಥಳೀಯ ಹುಡುಗ ಇರುತ್ತಾನೆ. ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವನ ಎದುರು ಐದು ವರ್ಷ ಆಡಿ, ಅವನಿಗಿಂತ ಮೇಲೆಂದು ತೋರಿಸಿಕೊಟ್ಟವನು ಆ ಜಾಗಕ್ಕೆ ಬಂದರೆ ಅವನಿಗೆ ನೋವಾದೀತು, ಅನ್ಯಾಯವಾಗಲಿಲ್ಲ. ವಿಮಾನದಿಂದ ಇಳಿದವನು ನೇರವಾಗಿ ಬಂದು ಕೂತರೆ ಅದು ಅನ್ಯಾಯವೇ.

ಮಾತು ಮುಗಿಸಿದ ಮೇಲೆ ಯುವಕರೊಬ್ಬರು ಕೇಳಿದರು: “ಸರ್, ಕೆನಡಾದಲ್ಲಿ ಭಾರತೀಯ ಮೂಲದ ಐಸ್ ಹಾಕಿ ಆಟಗಾರರು ಎಷ್ಟೋ ಜನ ಇದ್ದಾರಲ್ಲ, ಅವರನ್ನು ನಮ್ಮ ತಂಡಕ್ಕೆ ಯಾಕೆ ಕರೆಯಬಾರದು?”

ಇದ್ದಾರೆ ನಿಜ. 1989ರಲ್ಲಿ ಎನ್‌ಎಚ್‌ಎಲ್ ಮುಟ್ಟಿದ ರಾಬಿನ್ ಬಾವಾ ಅವರಿಂದ ಹಿಡಿದು ಇವತ್ತಿನ ಅರ್ಷ್‌ದೀಪ್ ಬೈನ್ಸ್ ತನಕ ಇದ್ದಾರೆ. ಆದರೆ ನಮ್ಮ ಕಾನೂನೂ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ಭಾರತದ ಪರ ಆಡಬೇಕೆಂಬುದು 2008ರಿಂದ ಸರ್ಕಾರದ ನೀತಿ. ಆ ದಾರಿಯಲ್ಲೂ ಬಂದವರಿದ್ದಾರೆ. ಫುಟ್‌ಬಾಲಿನ ರಯಾನ್ ವಿಲಿಯಮ್ಸ್ ನಮ್ಮ ಬೆಂಗಳೂರು ಎಫ್‌ಸಿಗೆ ಆಸ್ಟ್ರೇಲಿಯಾದಿಂದ 2023ರಲ್ಲಿ ಬಂದರು. ಅವರ ತಾಯಿಯ ಕಡೆಯವರು ಮುಂಬೈನವರು. ಎರಡು ವರ್ಷ ಇಲ್ಲಿ ಆಡಿ, ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟು 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ಕಂಠೀರವದಲ್ಲಿ ಅವರ ಆಟ ನೋಡಿದವರು ಈ ಸಭೆಯಲ್ಲೂ ಇರಬಹುದು. ಅವರನ್ನು ಹೊರಗಿನವರು ಎನ್ನಲು ನಿಮಗೆ ಮನಸ್ಸು ಬಂದೀತೇ?

ಐಸ್ ಹಾಕಿಯಲ್ಲಿ ಹಾಗೆ ಯಾರಾದರೂ ಬರುವುದಾದರೆ ನಾನು ಸಂತೋಷದಿಂದ ಸ್ವಾಗತಿಸುತ್ತೇನೆ. ಆದರೆ ಐಐಎಚ್‌ಎಫ್ ನಿಯಮದಂತೆ ಅವರು ಎರಡು ವರ್ಷ ಇಲ್ಲಿನ ಪಂದ್ಯಾವಳಿಯಲ್ಲಿ ಆಡಬೇಕು. ಎಲ್ಲಿ ಆಡುವುದು? ನಮ್ಮ ಆಟಗಾರರು ಬಹುಪಾಲು ಲಡಾಖಿನವರು. ಅಲ್ಲಿ ಕೆರೆಕುಂಟೆಗಳ ನೀರು ಆಟಕ್ಕೆ ತಕ್ಕಂತೆ ಹೆಪ್ಪುಗಟ್ಟಿರುವುದು ಚಳಿಗಾಲದ ಎರಡು ಮೂರು ತಿಂಗಳು ಮಾತ್ರ. ಅಷ್ಟರಲ್ಲೇ ಅಭ್ಯಾಸ ಮಾಡಿದ ನಮ್ಮ ಮಹಿಳೆಯರು 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದುಕೊಂಡು ಬಂದಿದ್ದಾರೆ. ಕೆನಡಾದಿಂದ ಯಾರನ್ನು ಕರೆಯೋಣ ಎಂದು ಯೋಚಿಸುವ ಮೊದಲು ಲೇಹ್‌ನಲ್ಲಿ, ಕಾರ್ಗಿಲ್‌ನಲ್ಲಿ ವರ್ಷದ ಹೆಚ್ಚು ಕಾಲ ಮಂಜುಗಡ್ಡೆ ಉಳಿಯುವ ರಿಂಕ್‌ಗಳು ಬೇಕು, ಆರು ತಿಂಗಳಾದರೂ ನಡೆಯುವ ಲೀಗ್ ಬೇಕು. ಅವು ಆದರೆ ಬರುವವರಿಗೆ ಬಂದು ಆಡಲು ಒಂದು ಜಾಗವಿರುತ್ತದೆ, ಆ ಹೆಣ್ಣುಮಕ್ಕಳಿಗೆ ಬೇಸಿಗೆಯಲ್ಲೂ ಸ್ಕೇಟ್ ಕಟ್ಟಲು ಸಾಧ್ಯವಾಗುತ್ತದೆ.